ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಗುವಿನ ರಾತ್ರಿಯ ನಿದ್ರೆ

"ಮಗು ರಾತ್ರಿಯೆಲ್ಲ ಕೆಮ್ಮುತ್ತದೆ, ನಿದ್ರೆಯೇ ಇಲ್ಲ" ಎಂಬುದು ಮಳೆಗಾಲದಲ್ಲಿ ಶಿಕಾರಿಪುರ, ಸೊರಬ ತಾಲ್ಲೂಕುಗಳ ತಾಯಂದಿರಿಂದ ನಾವು ಕೇಳುವ ಸಾಮಾನ್ಯ ದೂರು. ಬಹುಪಾಲು ಮಕ್ಕಳಲ್ಲಿ ಅದು ನೆಗಡಿಯಿಂದಲೋ ಉಬ್ಬಸದಿಂದಲೋ ಬಂದದ್ದು. ಆದರೆ ಎಲ್ಲೋ ಒಂದು ಮಗುವಿನಲ್ಲಿ ಕೆಮ್ಮು ತಿಂಗಳುಗಟ್ಟಲೆ ಬಿಡುವುದಿಲ್ಲ. ಚೆನ್ನಾಗಿ ಉಂಡರೂ ತೂಕ ಏರುವುದಿಲ್ಲ. ಮಲವು ಜಿಡ್ಡಾಗಿ ದುರ್ವಾಸನೆಯಿಂದ ಕೂಡಿರುತ್ತದೆ. ಹಣೆಗೆ ಮುತ್ತಿಟ್ಟರೆ ತುಟಿಗೆ ಉಪ್ಪು ತಾಗುತ್ತದೆ. ಅಂಥ ಮಗುವನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ತಜ್ಞರಿಗೆ ತೋರಿಸಿ, ಬೆವರಿನ ಪರೀಕ್ಷೆ ಎಲ್ಲಿ ಮಾಡಿಸಬೇಕೆಂದು ಕೇಳಿ ತಿಳಿಯಬೇಕು.

1938ರಲ್ಲಿ ಅಮೆರಿಕದ ವೈದ್ಯೆ ಡೊರೊಥಿ ಆಂಡರ್ಸನ್ ಈ ರೋಗವನ್ನು ವಿವರವಾಗಿ ವರ್ಣಿಸಿದರು. ಇದಕ್ಕೆ ಕಾರಣವಾದ ವಂಶವಾಹಿ ಪತ್ತೆಯಾದದ್ದು 1989ರಲ್ಲಿ. ಇದು ಬಿಳಿಯರಿಗೆ ಮಾತ್ರ ಬರುವ ಕಾಯಿಲೆಯೆಂದು ಬಹುಕಾಲ ನಂಬಲಾಗಿತ್ತು. ಆ ನಂಬಿಕೆ ತಪ್ಪು. ಇದು ಅಂಟುರೋಗವಲ್ಲ, ತಾಯಿಯ ಪಥ್ಯದ ದೋಷವೂ ಅಲ್ಲ. ದೋಷವುಳ್ಳ ವಂಶವಾಹಿ ತಂದೆತಾಯಿಗಳಿಬ್ಬರಲ್ಲೂ ಗುಪ್ತವಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ರಕ್ತಸಂಬಂಧದ ಮದುವೆಗಳಲ್ಲಿ ಇಂಥ ಇಬ್ಬರು ಕೂಡುವ ಸಾಧ್ಯತೆ ಹೆಚ್ಚು.

ಈ ಮಕ್ಕಳ ಶ್ವಾಸನಾಳಗಳಲ್ಲಿ ಕಫವು ಅಂಟಿನಂತೆ ಗಟ್ಟಿಯಾಗಿ ನಿಲ್ಲುತ್ತದೆ. ಅದನ್ನು ಹೊರದೂಡಲು ದೇಹಕ್ಕಿರುವ ಉಪಾಯವೇ ಕೆಮ್ಮು. ಸೊರಬದ ಕಡೆಯ ತಂದೆಯೊಬ್ಬರು, ಹಲವು ರಾತ್ರಿ ನಿದ್ರೆಗೆಟ್ಟು, ಅಂಗಡಿಯಿಂದ ಮಂಪರು ಬರಿಸುವ ಕೆಮ್ಮಿನ ಔಷಧ ತಂದು ಕುಡಿಸಿದ್ದರು. ಎರಡು ರಾತ್ರಿ ಮನೆ ನಿಶ್ಶಬ್ದವಾಗಿತ್ತು. ಮೂರನೆಯ ದಿನ ಮಗುವನ್ನು ನಮ್ಮಲ್ಲಿಗೆ ತಂದಾಗ ಅದರ ಪಕ್ಕೆಗಳು ಒಳಸೆಳೆಯುತ್ತಿದ್ದವು. ಆ ತಂದೆಯನ್ನು ಗದರಿಸಲು ನನಗೆ ಮನಸ್ಸಾಗಲಿಲ್ಲ. ಆದರೂ ಹೇಳಲೇಬೇಕು: ಕೆಮ್ಮನ್ನು ಅಡಗಿಸುವ ಔಷಧವನ್ನು ಈ ಮಕ್ಕಳಿಗೆ ಸ್ವಂತ ಬುದ್ಧಿಯಿಂದ ಕೊಡಲೇಕೂಡದು. ನೆಗಡಿ-ಕೆಮ್ಮಿಗೆಂದು ಮಾರುವ ಒಂದು ಸಾಮಾನ್ಯ ಮಿಶ್ರಣವನ್ನು 4 ವರ್ಷದೊಳಗಿನ ಯಾವ ಮಗುವಿಗೂ ಕೊಡಬಾರದೆಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯೇ 2023ರ ಡಿಸೆಂಬರ್‌ನಲ್ಲಿ ಎಚ್ಚರಿಸಿದೆ.

ಹಾಗಾದರೆ ನಿದ್ರೆ ಬರುವುದು ಹೇಗೆ? ಕಫವನ್ನು ಸಂಜೆಯೇ ತೆಗೆಯಬೇಕು. ವೈದ್ಯರು ಹೇಳಿದ್ದರೆ ಮೊದಲು ನೆಬ್ಯುಲೈಸರ್ ಹಿಡಿಯಿರಿ. ಅನಂತರ ಮಗುವಿಗೆ ತೆಳುವಾದ ಅಂಗಿ ತೊಡಿಸಿ, ತೊಡೆಯ ಮೇಲೆ ಕೂರಿಸಿಕೊಂಡು ಇಲ್ಲವೆ ಮಗ್ಗುಲಾಗಿ ಮಲಗಿಸಿ, ಅಂಗೈಯನ್ನು ಬೊಗಸೆಯಂತೆ ಬಾಗಿಸಿ ಬೆನ್ನಿನ ಮೇಲ್ಭಾಗಕ್ಕೂ ಪಕ್ಕೆಗಳಿಗೂ ಲಯವಾಗಿ ತಟ್ಟಬೇಕು. ಬೆನ್ನುಹುರಿಯ ಮೇಲೆ, ಹೊಟ್ಟೆಯ ಮೇಲೆ, ಸೊಂಟದ ಬಳಿ ತಟ್ಟಕೂಡದು. ಹಿಂದೆ ಮಗುವಿನ ತಲೆಯನ್ನು ಕೆಳಗೆ ಬಾಗಿಸಿ ತಟ್ಟುವುದು ರೂಢಿಯಲ್ಲಿತ್ತು. ಹೊಟ್ಟೆಯಲ್ಲಿದ್ದುದು ಮೇಲೇರಿ ಶ್ವಾಸಕೋಶಕ್ಕೆ ಇಳಿಯುವ ಭಯವಿರುವುದರಿಂದ ಎಳೆಯ ಮಕ್ಕಳಿಗೆ ಈಗ ಹಾಗೆ ಮಾಡಿಸುವುದಿಲ್ಲ. ಭೌತಚಿಕಿತ್ಸಕರಿಂದ ಒಮ್ಮೆ ಕೈಯಾರೆ ಕಲಿತುಕೊಳ್ಳುವುದು ಲೇಸು. ಓದಿ ಕಲಿಯುವ ಕೆಲಸ ಇದಲ್ಲ.

ಇದೆಲ್ಲವೂ ಊಟಕ್ಕೆ ಮುಂಚೆ ನಡೆಯಬೇಕು. ಕೆಮ್ಮುವ ಮಗುವಿಗೆ ತುಪ್ಪ, ಬಾಳೆಹಣ್ಣು ಕೊಡಬಾರದೆಂದು ನಮ್ಮ ಕಡೆ ಅಜ್ಜಿಯರು ತಡೆಯುವುದುಂಟು. ಈ ಮಗುವಿಗೆ ತುಪ್ಪ ಬೇಕೇ ಬೇಕು. ಆದರೆ ಜೀರ್ಣರಸದ ಕ್ಯಾಪ್ಸೂಲನ್ನು ವೈದ್ಯರು ಬರೆದುಕೊಟ್ಟಿದ್ದರೆ ಊಟದ ಜೊತೆಗೇ ಕೊಡಬೇಕು. ಅದರೊಳಗಿನ ಕಾಳುಗಳನ್ನು ಅರೆಯಬಾರದು, ಬಿಸಿ ಹಾಲಿಗೆ ಹಾಕಬಾರದು. ಅದು ತಪ್ಪಿದ ರಾತ್ರಿ ಹೊಟ್ಟೆನೋವಿನಿಂದಲೇ ಮಗು ಎದ್ದು ಅಳುವುದುಂಟು. ಉಂಡು ಒಂದು ಗಂಟೆಯಾದರೂ ಕಳೆದ ಮೇಲೆ ಮಲಗಿಸಿ.

ವರ್ಷದೊಳಗಿನ ಕೂಸನ್ನು ದಿಂಬಿಲ್ಲದೆ ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು. ಎರಡು ವರ್ಷ ದಾಟಿದ ಮಗುವಿಗೆ ವೈದ್ಯರು ಒಪ್ಪಿದರೆ ಹಾಸಿಗೆಯ ತಲೆಭಾಗದ ಕೆಳಗೆ ಕಂಬಳಿ ಮಡಚಿಟ್ಟು ಸ್ವಲ್ಪ ಎತ್ತರಿಸಬಹುದು. ಅಡುಗೆಗೆ ಗ್ಯಾಸ್ ಬಂದಿದ್ದರೂ ಬಚ್ಚಲೊಲೆಯ ಹೊಗೆ ನಮ್ಮ ಮನೆಗಳನ್ನು ಬಿಟ್ಟಿಲ್ಲ; ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹೊಗೆಯೂ ಸೇರುತ್ತದೆ. ಮಗು ಮಲಗುವ ಕೋಣೆ ಇವುಗಳಿಂದ ದೂರವಿರಲಿ. ಸೊಳ್ಳೆಬತ್ತಿಯ ಬದಲು ಪರದೆ ಕಟ್ಟಿ. ಬೂಷ್ಟು ಹಿಡಿದ ಗೋಡೆಗೆ ಒತ್ತಿ ಹಾಸಿಗೆ ಹಾಸಬೇಡಿ. ಬೇಸಿಗೆಯಲ್ಲಿ ಬೆವರಿನೊಡನೆ ಉಪ್ಪು ಸೋರಿ ಮಗು ಸೊರಗುವುದರಿಂದ, ಎಷ್ಟು ಉಪ್ಪು ಸೇರಿಸಬೇಕೆಂದು ವೈದ್ಯರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.

ಉಸಿರಾಟ ವೇಗವಾಗಿ ಪಕ್ಕೆ ಒಳಸೆಳೆದರೆ, ತುಟಿ ನೀಲಿಗಟ್ಟಿದರೆ, ಕಫದಲ್ಲಿ ರಕ್ತ ಕಂಡರೆ, ಎಬ್ಬಿಸಿದರೂ ಮಗು ಮಂಕಾಗಿಯೇ ಇದ್ದರೆ ಬೆಳಗಾಗುವವರೆಗೆ ಕಾಯಬಾರದು. ಆ ಕ್ಷಣವೇ 108ಕ್ಕೆ ಕರೆ ಮಾಡಿ.