ಎದೆನೋವೆಲ್ಲ ಗ್ಯಾಸ್ ಅಲ್ಲ

ಒಂದು ಊರು. ಆ ಊರಿನಲ್ಲಿ ಒಬ್ಬ ಯುವಕ. ವಯಸ್ಸು 34. ಟ್ರ್ಯಾಕ್ಟರ್ ಓಡಿಸುವುದು ಅವನ ಕೆಲಸ. ಒಳ್ಳೆ ಗಟ್ಟಿ ಆಳು. ಭತ್ತದ ಮೂಟೆಯನ್ನು ಒಬ್ಬನೇ ಬೆನ್ನ ಮೇಲೆ ಹೊರುತ್ತಿದ್ದ. ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಿದ್ದ.

ಒಂದು ರಾತ್ರಿ ಊಟ ಆಯಿತು. ಎದೆಯ ಮೇಲೆ ಯಾರೋ ಕಲ್ಲು ಹೇರಿದ ಹಾಗಾಯಿತು. ಎಡಗೈ ಸೆಳೆಯತೊಡಗಿತು. ಮೈಯೆಲ್ಲ ಬೆವರಿತು.

"ರೀ, ಆಸ್ಪತ್ರೆಗೆ ಹೋಗೋಣ ನಡೀರಿ" ಎಂದಳು ಹೆಂಡತಿ.

"ಏ, ಗ್ಯಾಸ್ ಕಣೇ. ಸುಮ್ನಿರು" ಅಂದ ಅವನು.

ತಾಯಿ ಓಮದ ನೀರು ಕುಡಿಸಿದಳು. ಪಕ್ಕದ ಮನೆಯವರು ಸೋಡಾ ತಂದುಕೊಟ್ಟರು. ಬೆಳಗಾಗಲಿ ಎಂದು ಎಲ್ಲರೂ ಕಾದರು. ಆಸ್ಪತ್ರೆ ಸೇರಿದಾಗ ಬೆಳಿಗ್ಗೆ ಹತ್ತು ಗಂಟೆ. ಡಾಕ್ಟರು ಇ.ಸಿ.ಜಿ. ತೆಗೆದರು. "ಹೃದಯಾಘಾತ ಆಗಿದೆ. ರಾತ್ರಿಯೇ ಯಾಕೆ ಬರಲಿಲ್ಲ?" ಎಂದು ಕೇಳಿದರು.

ಅವನ ಜೀವ ಉಳಿಯಿತು. ಆದರೆ ಹೃದಯದ ಒಂದು ಭಾಗ ಸತ್ತುಹೋಗಿತ್ತು. ಈಗ ಒಂದು ಕೊಡ ನೀರು ಎತ್ತಿದರೂ ಅವನಿಗೆ ಏದುಸಿರು. ಟ್ರ್ಯಾಕ್ಟರನ್ನು ತಮ್ಮ ಓಡಿಸುತ್ತಾನೆ.

"ಇದು ಮುದುಕರ ಕಾಯಿಲೆ ಅಲ್ಲವೇ?" ಎಂದು ನೀವು ಕೇಳಬಹುದು. ಅಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಅವರಿಗೆ ಆಗ 46 ವರ್ಷ. ನಾಡೇ ಬೆಚ್ಚಿಬಿತ್ತು. ಹೃದಯ ತೋರಿಸಿಕೊಳ್ಳಲು ಯುವಕರು ಆಸ್ಪತ್ರೆಗಳಲ್ಲಿ ಸಾಲು ನಿಂತರು. 2025ರಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಬಂದಾಗಲೂ ಹೀಗೇ ಆಯಿತು. ಹೆದರಿಕೆ ಒಂದು ವಾರ ಇರುತ್ತದೆ. ಬೀಡಿ ಕಟ್ಟು ಮಾತ್ರ ಜೇಬಿನಲ್ಲೇ ಇರುತ್ತದೆ!

ಹೃದಯಾಘಾತ ಎಂದರೇನು?

ನಿಮ್ಮ ಕೈ ಮುಷ್ಟಿ ಕಟ್ಟಿ ನೋಡಿ. ನಿಮ್ಮ ಹೃದಯ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಅದು ನಿಮಿಷಕ್ಕೆ ಸುಮಾರು 70 ಸಲ ಬಡಿಯುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಸಲ. ಮೈಗೆಲ್ಲ ರಕ್ತ ಕಳಿಸುವ ಪಂಪು ಅದು. ಆದರೆ ಪಂಪು ನಡೆಯಲು ಕರೆಂಟು ಬೇಕಲ್ಲ? ಹಾಗೆಯೇ ಹೃದಯಕ್ಕೂ ರಕ್ತ ಬೇಕು. ಆ ರಕ್ತ ತರುವ ಸಣ್ಣ ನಾಳಗಳು ಹೃದಯದ ಮೇಲೆಯೇ ಇವೆ.

ಕಾಲುವೆಯಲ್ಲಿ ಹೂಳು ಕೂರುತ್ತದೆ, ನೋಡಿದ್ದೀರಿ. ಈ ನಾಳಗಳ ಒಳಗೂ ಕೊಬ್ಬು ಕೂರುತ್ತದೆ. ಒಂದೇ ದಿನಕ್ಕಲ್ಲ. ಇಪ್ಪತ್ತರ ವಯಸ್ಸಿನಲ್ಲೇ ಶುರುವಾಗಬಹುದು. ಆಗ ನೋವಿಲ್ಲ, ಸಂಕಟವಿಲ್ಲ, ಏನೂ ಗೊತ್ತಾಗುವುದಿಲ್ಲ. ಒಂದು ದಿನ ಆ ಕೊಬ್ಬಿನ ಪದರ ಒಡೆಯುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಳ್ಳುತ್ತದೆ. ನೀರು ಕಾಣದ ಗದ್ದೆ ಒಣಗುತ್ತದೆ. ರಕ್ತ ಕಾಣದ ಹೃದಯದ ಭಾಗ ಸಾಯುತ್ತದೆ.

ಬೀಡಿ, ಉಪ್ಪು, ಬಿ.ಪಿ.

ಬೀಡಿಯ ಹೊಗೆ ನಾಳದ ಒಳಗೋಡೆಯನ್ನು ಕೆಡಿಸುತ್ತದೆ. ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡುತ್ತದೆ. "ಬೀಡಿ ಬರೀ ಎಲೆ, ಸಿಗರೇಟಿನಷ್ಟು ಕೆಟ್ಟದ್ದಲ್ಲ" ಅನ್ನುವವರಿದ್ದಾರೆ. ಅದು ಸುಳ್ಳು. ದಿನಕ್ಕೆ ಒಂದೇ ಸೇದಿದರೂ ಹೃದಯಕ್ಕೆ ಕೆಡುಕೇ. ಗುಟ್ಕಾ, ಹೊಗೆಸೊಪ್ಪು ಕೂಡ ಒಳ್ಳೆಯದಲ್ಲ. ಆದರೆ ಬೀಡಿ ಬಿಟ್ಟವರಿಗೆ ಲಾಭ ಬೇಗ ಸಿಗುತ್ತದೆ. ಬಿಟ್ಟ ಒಂದು ವರ್ಷದಲ್ಲಿ ಹೃದಯದ ಕಾಯಿಲೆಯ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

"ಹೊಲದಲ್ಲಿ ದುಡಿಯೋ ನಮಗೆ ಬಿ.ಪಿ. ಎಲ್ಲಿಂದ ಬರುತ್ತೆ?" ಎಂದು ಕೇಳುತ್ತಾರೆ. ದುಡಿಯುವವರಿಗೂ ಬರುತ್ತದೆ. ಬಿ.ಪಿ. 120/80ರ ಆಸುಪಾಸು ಇದ್ದರೆ ಒಳ್ಳೆಯದು. ಮತ್ತೆ ಮತ್ತೆ ನೋಡಿದಾಗಲೂ 140/90 ದಾಟಿದ್ದರೆ ಡಾಕ್ಟರ ಮಾತು ಕೇಳಬೇಕು. ಮೂವತ್ತು ದಾಟಿದವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ನೋಡಿಸಿಕೊಳ್ಳಬಹುದು. ದುಡ್ಡು ಕೊಡಬೇಕಾಗಿಲ್ಲ. ಅಪ್ಪನಿಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತ ಆಗಿದ್ದರೆ ಮೂವತ್ತರವರೆಗೆ ಕಾಯಬೇಡಿ.

ಒಬ್ಬರಿಗೆ ದಿನಕ್ಕೆ ಒಂದು ಚಹಾ ಚಮಚದಷ್ಟು ಉಪ್ಪು ಸಾಕು. ಸಾರು, ಉಪ್ಪಿನಕಾಯಿ, ಹಪ್ಪಳ, ಎಲ್ಲವೂ ಅದರಲ್ಲೇ ಸೇರಿತು. ಕೂತು ಕೆಲಸ ಮಾಡುವವರು ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ಟ್ರ್ಯಾಕ್ಟರ್, ಆಟೋ ಓಡಿಸುವುದು ನಡೆದ ಲೆಕ್ಕಕ್ಕೆ ಬರುವುದಿಲ್ಲ!

ನೋವು ಬಂದರೆ ಏನು ಮಾಡಬೇಕು?

ಎದೆ ಬಿಗಿತ, ಬೆವರು, ಕೈಗೋ ದವಡೆಗೋ ಬೆನ್ನಿಗೋ ಹರಡುವ ನೋವು, ಇವೆಲ್ಲ ಎಚ್ಚರಿಕೆಯ ಗಂಟೆ. ಹೆಂಗಸರಿಗೆ ಕೆಲವು ಸಲ ಎದೆನೋವೇ ಇರುವುದಿಲ್ಲ. ಬರೀ ಉಬ್ಬಸ, ವಾಂತಿ, ತುಂಬ ಸುಸ್ತು. ಅದನ್ನು ನುಂಗಿಕೊಂಡು ಅವರು ಒಲೆ ಮುಂದೆಯೇ ಕೂರುತ್ತಾರೆ. ಮನೆಯವರು ಗಮನಿಸಬೇಕು.

ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ಕೂತು ಹೇಳಲು ಆಗದು. ಇ.ಸಿ.ಜಿ. ತೆಗೆಯಲು ಹಿಡಿಯುವುದು ಕೆಲವೇ ನಿಮಿಷ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಇದೆ. ಎಷ್ಟು ಬೇಗ ಕೊಟ್ಟರೆ ಹೃದಯ ಅಷ್ಟು ಉಳಿಯುತ್ತದೆ. ಪುನೀತ್ ಅವರ ಹೆಸರಿನ 'ಹೃದಯ ಜ್ಯೋತಿ' ಯೋಜನೆಯಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಕೊಡುತ್ತಾರೆ.

ಕೂಡಲೇ 108ಕ್ಕೆ ಫೋನ್ ಮಾಡಿ. ನೋವಿರುವವರು ತಾವೇ ಬೈಕು ಓಡಿಸಬಾರದು. ಅವರನ್ನು ನಡೆಸಬೇಡಿ, ಮಹಡಿ ಹತ್ತಿಸಬೇಡಿ. ಹೋಗುವಾಗ ಆಧಾರ್, ರೇಷನ್ ಕಾರ್ಡು ಜೊತೆಗಿರಲಿ. ಸಿಗಲಿಲ್ಲವೇ? ಹುಡುಕುತ್ತಾ ಕೂರಬೇಡಿ. ಯಾರಾದರೂ ಆಮೇಲೆ ತಂದುಕೊಡುತ್ತಾರೆ.