ಮಗುವನ್ನು ವಿದೇಶಕ್ಕೆ ಕಳಿಸುವ ಮುನ್ನ

ಬ್ರೂಕ್‌ಫೀಲ್ಡ್, ಕುಂದಲಹಳ್ಳಿ, ವೈಟ್‌ಫೀಲ್ಡ್ ಕಡೆಯ ಅನೇಕ ಹೆತ್ತವರು ಮಕ್ಕಳನ್ನು ವಿದೇಶದಲ್ಲಿ ಓದಿಸುವ ಕನಸು ಕಾಣುತ್ತಾರೆ. ಕನಸು ತಪ್ಪಲ್ಲ. ಆದರೆ ಶುಲ್ಕ ಹೊಂದಿಸಿದ ಮಾತ್ರಕ್ಕೆ ಹೊಣೆ ಮುಗಿಯಿತೇ?

ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಗ್ಯಾನಗೌಡರ್ ಉಕ್ರೇನಿನ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದರು. 2022ರ ಮಾರ್ಚ್ 1ರಂದು ಆಹಾರ ತರಲು ಹೊರಗೆ ಹೋದಾಗ ಶೆಲ್ ದಾಳಿಗೆ ಬಲಿಯಾದರು. ಯುದ್ಧವನ್ನು ಯಾವ ತಂದೆ-ತಾಯಿಯೂ ತಡೆಯಲಾರರು. ಆದರೆ ಆಪತ್ತಿನಲ್ಲಿ ಮಗುವನ್ನು ತಲುಪುವ ದಾರಿಯನ್ನು ಮೊದಲೇ ಸಿದ್ಧ ಮಾಡಿಕೊಳ್ಳಬಹುದು.

ವಿದೇಶಾಂಗ ಸಚಿವಾಲಯದ 'ಮದದ್' ತಾಣದಲ್ಲಿ ಮಗುವಿನ ಹೆಸರು, ವಿಳಾಸ ನೋಂದಾಯಿಸಿ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆಯನ್ನು ಇಬ್ಬರೂ ಬರೆದಿಟ್ಟುಕೊಳ್ಳಿ. ಪಾಸ್‌ಪೋರ್ಟ್, ವೀಸಾ, ವಿಮೆಯ ಪ್ರತಿಗಳು ಮನೆಯಲ್ಲೂ ಇರಲಿ.

ಏಜೆಂಟನ ಮಾತನ್ನಷ್ಟೇ ನಂಬಬೇಡಿ. ಪ್ರವೇಶ ಸಿಕ್ಕಿದೆಯೇ ಎಂದು ವಿಶ್ವವಿದ್ಯಾಲಯವನ್ನೇ ನೇರವಾಗಿ ವಿಚಾರಿಸಿ; ರಸೀದಿಯಿಲ್ಲದೆ ಹಣ ಕೊಡಬೇಡಿ. ವೈದ್ಯಕೀಯವಾದರೆ ನೀಟ್ ಅರ್ಹತೆ ಬೇಕು. 2021ರ ನಿಯಮದಂತೆ ಕೋರ್ಸು ಕನಿಷ್ಠ 54 ತಿಂಗಳಿದ್ದು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು. ಇಲ್ಲವಾದರೆ ಪದವಿ ಪಡೆದು ಬಂದರೂ ಇಲ್ಲಿ ವೃತ್ತಿ ಮಾಡಲಾಗದು.

ಅನ್ನ ಬೇಯಿಸುವುದು, ಬಟ್ಟೆ ಒಗೆಯುವುದು, ತಿಂಗಳ ಖರ್ಚು ಲೆಕ್ಕ ಹಾಕುವುದು ಮನೆಯಲ್ಲೇ ರೂಢಿಯಾಗಲಿ, ಮಗನಿಗೂ, ಮಗಳಿಗೂ.

ಕೊನೆಯದಾಗಿ ಒಂದು ಮಾತು. "ಸಾಲ ಮಾಡಿ ಕಳಿಸಿದ್ದೇವೆ" ಎಂದು ಪದೇ ಪದೇ ನೆನಪಿಸಬೇಡಿ. ಆ ಭಾರ ಹೊತ್ತ ಮಗು ಕಷ್ಟವನ್ನು ಮುಚ್ಚಿಡುತ್ತದೆ. "ಏನೇ ಆಗಲಿ, ಮೊದಲು ನಮಗೆ ಹೇಳು. ಬೇಡವೆನಿಸಿದರೆ ಮರಳಿ ಬಾ" ಎಂದು ಹೊರಡುವ ಮೊದಲೇ ಬಾಯ್ಬಿಟ್ಟು ಹೇಳಿಬಿಡಿ.