ಟರ್ಬೊನಾ, ಸೂಪರ್‌ಚಾರ್ಜರಾ? ದಿನದ ಓಡಾಟಕ್ಕೆ ಯಾವುದು ಬಾಳಿಕೆ

ಗುಡೇಕೋಟೆಯಿಂದ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದಾರೆ. "ಸರ್, ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ ನೋಡಿದೀನಿ. ಟರ್ಬೊ ಹೋದ್ರೆ ಶೇಂಗಾ ದುಡ್ಡೆಲ್ಲ ಅದಕ್ಕೇ ಅಂತಾರೆ. ಸೂಪರ್‌ಚಾರ್ಜರ್ ಇರೋದು ಹುಡುಕ್ಲಾ?"

ಎರಡರ ಕೆಲಸವೂ ಒಂದೇ, ಎಂಜಿನ್ನಿಗೆ ಗಾಳಿ ಒತ್ತಿ ತುಂಬೋದು. ಗಾಳಿ ಹೆಚ್ಚಿದ್ರೆ ಇಂಧನವನ್ನೂ ಹೆಚ್ಚು ಉರಿಸಬಹುದು, ಚಿಕ್ಕ ಎಂಜಿನ್ನೂ ಚೆನ್ನಾಗಿ ಎಳೆಯುತ್ತೆ. ಸೂಪರ್‌ಚಾರ್ಜರನ್ನ ಎಂಜಿನ್ನೇ ಬೆಲ್ಟ್ ಮೂಲಕ ತಿರುಗಿಸುತ್ತೆ. ಟರ್ಬೊನ ತಿರುಗಿಸೋದು ಸೈಲೆನ್ಸರ್ ಕಡೆ ಹೋಗೋ ಬಿಸಿ ಹೊಗೆ. ಹಾಗಾಗಿ ಅದರ ಒಂದು ಬದಿ ನೂರಾರು ಡಿಗ್ರಿ ಕಾದಿರುತ್ತೆ, ಸುತ್ತು ನಿಮಿಷಕ್ಕೆ 1 ಲಕ್ಷ ದಾಟುತ್ತೆ. ಅಷ್ಟು ವೇಗದ ಶಾಫ್ಟು ತೇಲೋದು ಎಂಜಿನ್ ಆಯಿಲಿನ ತೆಳು ಪದರದ ಮೇಲೆ.

ಸೂಪರ್‌ಚಾರ್ಜರಿಗೆ ಆ ಹೊಗೆಯ ಕಾವಿಲ್ಲ. ಕಾಗದದ ಮೇಲೆ ಅದೇ ಗಟ್ಟಿ. ಆದ್ರೆ ಎಂಜಿನ್ನಿನ ಶಕ್ತಿಯನ್ನೇ ತಿನ್ನುತ್ತೆ, ಮೈಲೇಜು ಬೀಳುತ್ತೆ. ನಮ್ಮಲ್ಲಿ ಅದು ಕಾಣೋದು ದುಬಾರಿ ವಿದೇಶಿ ಗಾಡಿಗಳಲ್ಲಿ. ಇವತ್ತಿನ ಡೀಸೆಲ್ ಕಾರು, ಪಿಕಪ್ಪು, ಲಾರಿ ಎಲ್ಲ ಟರ್ಬೊನೇ. ರಿಪೇರಿಯ ಕೈ ಕೂಡ್ಲಿಗಿಯಲ್ಲೇ ಸಿಗೋದೂ ಬಾಳಿಕೆಯ ಲೆಕ್ಕಕ್ಕೇ ಸೇರುತ್ತೆ, ನನ್ನ ಪ್ರಕಾರ.

ನನ್ನ ಗಾಡಿಯ ಟರ್ಬೊನೂ ಒಮ್ಮೆ ಹೋಗಿದೆ. ತಪ್ಪು ನಂದೇ. ಏರ್ ಫಿಲ್ಟರಿಂದ ಬರೋ ಪೈಪಿನ ಕ್ಲಿಪ್ಪು ಸಡಿಲ ಇತ್ತು, ಬೇಸಿಗೆಯ ಮಣ್ಣುದಾರಿ, ಧೂಳು ನೇರ ಒಳಗೆ. ಆಯಿಲ್ ಬದಲಿಸೋದನ್ನೂ ಮುಂದೂಡಿದ್ದೆ. ಮೊದಲು ಶಿಳ್ಳೆಯಂಥ ಸದ್ದು ಜೋರಾಯ್ತು, ಆಮೇಲೆ ನೀಲಿ ಹೊಗೆ. ಒಂದು ಕ್ಲಿಪ್ಪು ಬಿಗಿ ಮಾಡಿದ್ರೆ ಮುಗೀತಿತ್ತು!

ನೀವು ಮೆಕ್ಯಾನಿಕ್ಕನ್ನ ಕರ್ಕೊಂಡೇ ಹೋಗಿ. ಎಂಜಿನ್ ತಣ್ಣಗಿರುವಾಗ ಪೈಪು ಬಿಚ್ಚಿಸಿ, ಟರ್ಬೊ ಶಾಫ್ಟ್ ಅಲ್ಲಾಡಿಸಿ ನೋಡಲಿ. ಅಡ್ಡಡ್ಡ ಚೂರು ಆಡೋದು ಸಹಜ, ಆಯಿಲ್ ಪದರಕ್ಕೆ ಜಾಗ ಬೇಕಲ್ಲ. ಒಳಗೆ ಹೊರಗೆ ಆಡೋದು ಕೈಗೆ ಗೊತ್ತಾದ್ರೆ, ರೆಕ್ಕೆ ಗೋಡೆಗೆ ಉಜ್ಜಿದ್ರೆ ಬೇಡ. ಪೈಪಲ್ಲಿ ಎಣ್ಣೆಯ ಪಸೆ ಇದ್ರೆ ಗಾಬರಿ ಬೇಡ, ನಿಂತಿದ್ರೆ ಯೋಚನೆ ಮಾಡಿ. ಆಯಿಲ್ ಬದಲಿಸಿದ ಬಿಲ್ಲು ಕೇಳಿ.

ತಗೊಂಡ ಮೇಲೆ, ಲೋಡು ಹಾಕಿ ಏರು ಹತ್ತಿಸಿ ಬಂದಾಗ ಒಂದು ನಿಮಿಷ ಐಡ್ಲಿಂಗಲ್ಲಿ ಬಿಟ್ಟು ಆಫ್ ಮಾಡಿ. ತಟ್ಟನೆ ಆಫ್ ಮಾಡಿದ್ರೆ ಆಯಿಲ್ ಹರಿಯೋದು ನಿಂತು, ಕಾದ ಶಾಫ್ಟಿನ ಮೇಲೇ ಸುಟ್ಟು ಕರಿ ಕಟ್ಟುತ್ತೆ. ಸಂತೆಗೆ ಹೋಗಿ ಬರೋ ನಿಧಾನದ ಓಡಾಟಕ್ಕೆ ಇದೇನೂ ಬೇಕಿಲ್ಲ.

ಮೆಕ್ಯಾನಿಕ್ ಏನಂದ್ರು ಅಂತ ಇನ್ನೊಂದು ವಾಯ್ಸ್ ನೋಟ್ ಕಳಿಸಿ.